ಹಿದುಕಿದ ಬೇಳೆನಾ, ಹಿತಕಿದ ಬೇಳೆನಾ?

ಕೋಲಾರದ ಸೊಸೆ: ಸಾರಿನ ಫೋಟೋ ಹಾಕಿ ಹಿತಕಿದ ಬೇಳೆ ಅಂತ ಬರೆದ್ರೆ ನಮ್ ಭಾವ "ಹಿದುಕಿದ ಅನ್ಬೇಕು, ಮೊದ್ಲು ಕನ್ನಡ ಕಲೀರಿ" ಅಂದ್ಬಿಟ್ರು, ತುಂಬಾ ಬೇಜಾರಾಯ್ತು. ಯಾವ್ದು ಸರಿ?

ಚಿಂತಾಮಣಿಯವ್ನು: ಎರಡೂ ಸರಿ ಅಕ್ಕ. ಹಿದುಕು, ಹಿಸುಕು, ಹಿಚುಕು ಎಲ್ಲಾ ಒಂದೇ ಅರ್ಥ. ರಾತ್ರಿ ನೆನೆಸಿದ ಅವರೆಕಾಳನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿದ್ರೆ ಸಿಪ್ಪೆ ಕೈಲಿ ಉಳಿದು ಬೇಳೆ ಪುಳಕ್ ಅಂತ ಆಚೆ ಬರುತ್ತಲ್ಲ, ಆ ಕೆಲಸಕ್ಕೆ ಊರಿಗೊಂದು ಮಾತು.

ತುಮಕೂರಿಂದ: ನಮ್ ಕಡೆ ಇದ್ಕಿದ್ ಬೇಳೆ. ಹಳಗನ್ನಡದ ಪಾಲ್ ಹಾಲಾಯ್ತು, ನಮ್ಮ ಬಾಯಲ್ಲಿ ಆಲಾಯ್ತು, ಇದೂ ಹಂಗೇ. ಬರೆಯೋವಾಗ ಹಿದುಕಿದ ಅಂತ ಬರೆದ್ರೆ ಚೆಂದ ಅಂತ ನಂಗೂ ಅನ್ಸುತ್ತೆ, ಆದ್ರೆ ಅಷ್ಟು ಹೊತ್ತು ಕೂತು ಬೇಳೆ ಬಿಡಿಸಿದೋರಿಗೆ ಆ ಮಾತು ಅನ್ಬಾರ್ದಿತ್ತು.