ಓದಲು ಸುಲಭವಾದ ಅಕ್ಷರ: ಗಣೇಶಣ್ಣನನ್ನು ಕೇಳಿ

ಅಡ್ಮಿನ್: ಕಾಸರಗೋಡಿನಲ್ಲಿ ಡಿಟಿಪಿ ಕೆಲಸ ಮಾಡುವ ಗಣೇಶಣ್ಣ ಇಂದು ಗುಂಪಿನಲ್ಲಿ ಸಿಗುತ್ತಾರೆ. ಫಾಂಟ್, ಪುಟ ಜೋಡಣೆಯ ಪ್ರಶ್ನೆ ಮಾತ್ರ ಕೇಳಿ.

ರಮೇಶ, ಕುಂಬಳೆ: ಅಣ್ಣಾ, ದೇವಸ್ಥಾನದ ಆಮಂತ್ರಣ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪ್ರೆಸ್ಸಿಗೆ ಕಳುಹಿಸಿದೆ. ಅಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ.

ಗಣೇಶ: ಹಳೆಯ ನುಡಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗಕ್ಕೆ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಹಾಗೆಯೇ ಕಾಣುತ್ತದೆ. ಪಿಡಿಎಫ್ ಮಾಡಿ ಕಳುಹಿಸಿ. ಇನ್ನು ಮುಂದೆ, ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ವಿದ್ಯಾ ಟೀಚರ್, ಮುಳ್ಳೇರಿಯ: ಮನೆಯಲ್ಲಿ ತುಂಗಾ ಫಾಂಟ್‌ನಲ್ಲಿ 2 ಪುಟಕ್ಕೆ ಹೊಂದಿಸಿದ ಪ್ರಶ್ನೆಪತ್ರಿಕೆ ಶಾಲೆಯ ಕಂಪ್ಯೂಟರಿನಲ್ಲಿ, ಅಂದರೆ ವಿಂಡೋಸ್ ಬದಲು ಇರುವ ಉಬುಂಟುವಿನಲ್ಲಿ, 3 ಪುಟಕ್ಕೆ ಹೋಗುತ್ತದೆ. ಯಾಕೆ?

ಗಣೇಶ: ತುಂಗಾ ವಿಂಡೋಸ್‌ಗಾಗಿ ಮಾಡಿದ ಫಾಂಟ್. ಉಬುಂಟುವಿನಲ್ಲಿ ಅದರ ಬದಲು ಬೇರೊಂದು ಬಂದು ಕೂರುತ್ತದೆ. ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಎರಡೂ ಕಡೆ ಹಾಕಿಕೊಳ್ಳಿ. ಪುಟ ಉಳಿಸಲು ಸಾಲಿನ ಅಂತರ ಮಾತ್ರ ಕಡಿಮೆ ಮಾಡಬೇಡಿ ಟೀಚರ್. ‘ಶಾಸ್ತ್ರ’ದ ಒತ್ತು ಕೆಳಗಿನ ಸಾಲಿನ ‘ಕೀ’ಗೆ ತಾಗಿದರೆ ಮಗು ಎರಡನ್ನೂ ತಡವರಿಸುತ್ತದೆ.

ಅಶ್ರಫ್, ಉಪ್ಪಳ: ನೋಟಿಸಿನಲ್ಲಿ ಮಲಯಾಳಂ, ಕನ್ನಡ ಎರಡಕ್ಕೂ ಒಂದೇ ಸೈಜ್ ಕೊಟ್ಟರೂ ಒಂದು ಸಣ್ಣದಾಗಿ ಕಾಣುತ್ತದಲ್ವಾ, ಏನು ಮಾಡುವುದು?

ಸುಜಾತಾ, ಬದಿಯಡ್ಕ: ನಾನು ಪಾಲಿಯೇಟಿವ್ (ತೀವ್ರ ಕಾಯಿಲೆಯವರ ಆರೈಕೆ) ವಾಲಂಟಿಯರ್. ಪ್ರಾಯದವರಿಗೆ ಮದ್ದಿನ ಚೀಟಿಯನ್ನು ಕನ್ನಡದಲ್ಲಿ ಮಾಡಿಕೊಡುತ್ತೇನೆ. ಒಂದೇ ಪುಟದಲ್ಲಿ ಹಿಡಿಯಲಿ ಅಂತ 10 ಪಾಯಿಂಟ್ ಬೋಲ್ಡ್ ಹಾಕಿ ಲ್ಯಾಮಿನೇಟ್ ಮಾಡಿದ್ದೆ. ಒಬ್ಬರು ಅಜ್ಜಿ ‘೦.೫ ಮಿ.ಲೀ.’ ಅನ್ನೋದನ್ನು ಐದು ಅಂತ ಓದಿದರು. ಸೊಸೆ ನೋಡಿ ತಡೆದರು.

ಗಣೇಶ: ಸುಜಾತಕ್ಕಾ, ಉಳಿದ ಪ್ರಶ್ನೆಗಳು ಕಾಯಲಿ, ಇದು ಜೀವದ ವಿಷಯ. 10 ಪಾಯಿಂಟ್‌ನಲ್ಲಿ ದಶಾಂಶದ ಚುಕ್ಕೆ ನೊಣದ ಕಲೆಯಷ್ಟೂ ಇರುವುದಿಲ್ಲ. ಜೆರಾಕ್ಸ್‌ನಲ್ಲಿ ಅದೂ ಹೋಗುತ್ತದೆ. ಕನ್ನಡದ ೦ ಅನುಸ್ವಾರದ ಹಾಗೆಯೇ ಇದೆ, ಕಣ್ಣು ಮಂಜಾದವರು ಅದನ್ನು ದಾಟಿಬಿಡುತ್ತಾರೆ. ಉಳಿಯುವುದು ೫ ಮಾತ್ರ, ಅಂದರೆ ಹತ್ತು ಪಟ್ಟು ಮದ್ದು. ಹಾಗಾಗಿ ಕನ್ನಡ ಅಂಕಿ ಬಿಟ್ಟು ‘0.5 ಮಿ.ಲೀ.’ ಅಂತ ಬರೆದು, ಕೆಳಗೆ ‘ಅರ್ಧ ಮಿ.ಲೀ.’ ಅಂತ ಅಕ್ಷರದಲ್ಲೂ ಬರೆಯಿರಿ. ಮುಂದಿನ ಸೊನ್ನೆ ಬಿಟ್ಟು ‘.5’ ಅಂತ ಬರೆಯಲೇಬಾರದು. 5 ಮಿ.ಲೀ. ಇದ್ದರೆ ‘5.0’ ಅಂತಲೂ ಬೇಡ, ಅದು 50 ಆಗಿ ಕಾಣುತ್ತದೆ.

ಅಕ್ಷರ 18 ಪಾಯಿಂಟ್ ಇರಲಿ, ಸಾಲಿನ ಅಂತರ ಒಂದೂವರೆ ಇರಲಿ. ಪೂರ್ತಿ ಬೋಲ್ಡ್ ಬೇಡ. ಪ, ಫ, ಷ ನಡುವೆ ಇರುವುದು ಒಂದು ಸಣ್ಣ ಗೀಟು, ಬೋಲ್ಡ್‌ನಲ್ಲಿ ಶಾಯಿ ತುಂಬಿ ಅದು ಮುಚ್ಚಿಹೋಗುತ್ತದೆ. ಲ್ಯಾಮಿನೇಟ್ ಹಾಳೆ ಟ್ಯೂಬ್‌ಲೈಟಿನ ಕೆಳಗೆ ಹೊಳೆಯುತ್ತದೆ. ಹೊಳಪಿಲ್ಲದ ದಪ್ಪ ಕಾಗದ ಸಾಕು. ಮದ್ದಿನ ಹೆಸರು ಸ್ಟ್ರಿಪ್‌ನಲ್ಲಿ ಇರುವ ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಪಕ್ಕದಲ್ಲಿ ಕನ್ನಡ. 2 ಪುಟ ಆದರೆ ಆಗಲಿ, ಆದರೆ ಒಂದು ಮದ್ದಿನ ಸಾಲು ಅರ್ಧ ಇಲ್ಲಿ, ಅರ್ಧ ಅಲ್ಲಿ ಆಗಬಾರದು. ನರ್ಸ್ ಹತ್ತಿರ ಮೂಲ ಚೀಟಿಯ ಜೊತೆ ತಾಳೆ ನೋಡಿಸಿ. ಕೊನೆಗೆ ಆ ಅಜ್ಜಿಯ ಕೈಗೇ ಕೊಟ್ಟು, ಅವರ ಮನೆಯ ಬೆಳಕಿನಲ್ಲಿ ಗಟ್ಟಿಯಾಗಿ ಓದಿಸಿ ನೋಡಿ.

ಪ್ರವೀಣ, ಪೆರ್ಲ: ಫಾರ್ವರ್ಡ್: ಓದಲು ಕಷ್ಟಪಡುವವರಿಗೆಂದೇ ಮಾಡಿದ ಓಪನ್‌ಡಿಸ್ಲೆಕ್ಸಿಕ್ ಫಾಂಟ್ ಹಾಕಿ, ಹಳದಿ ಕಾಗದದಲ್ಲಿ ಓದಿಸಿ. ಮಕ್ಕಳ ಓದುವ ತೊಂದರೆ 7 ದಿನದಲ್ಲಿ ಮಾಯ! ಎಲ್ಲರಿಗೂ ಹಂಚಿ.

ಗಣೇಶ: ಹಂಚಬೇಡಿ. ಆ ಫಾಂಟ್‌ನಲ್ಲಿ ಕನ್ನಡ ಅಕ್ಷರವೇ ಇಲ್ಲ. ಇಂಗ್ಲಿಷ್‌ನಲ್ಲೂ ಪರೀಕ್ಷೆ ಮಾಡಿದವರಿಗೆ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಓದಲು ಕಷ್ಟಪಡುವ ಮಗುವನ್ನು ವಿಶೇಷ ಶಿಕ್ಷಕರ ಹತ್ತಿರ ಕರೆದುಕೊಂಡು ಹೋಗಿ. ಫಾಂಟ್ ಮದ್ದಲ್ಲ.

ಪ್ರವೀಣ: ಒಳ್ಳೆಯದಾಗಲಿ ಅಂತ ಹಾಕಿದ್ದು ಮಾರಾಯ್ರೆ.

ಸದಾಶಿವ ಮಾಷ್ಟ್ರು, ನೀರ್ಚಾಲು: ನನ್ನದೊಂದು ಆಕ್ಷೇಪ. ಕನ್ನಡ ಅಂಕಿ ಬಿಡಿ ಅಂದರೆ ಏನರ್ಥ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಒಂದೊಂದೇ ಬಿಟ್ಟುಕೊಡುತ್ತಾ ಬಂದಿದ್ದೇವೆ. ಈಗ ಅಂಕಿಯೂ ಬೇಡವಾ?

ಅಶ್ರಫ್: ಮಾಷ್ಟ್ರೇ, ಕನ್ನಡ ಉಳಿಸಲು ಮದ್ದಿನ ಚೀಟಿಯೇ ಬೇಕಾ?

ಸದಾಶಿವ ಮಾಷ್ಟ್ರು: ಎಲ್ಲ ಕಡೆ ಹೀಗೇ ಹೇಳುತ್ತಾ ಬಂದರೆ ಕಡೆಗೆ ಎಲ್ಲಿ ಉಳಿಯುತ್ತದೆ?

ಪ್ರವೀಣ: ಅದೂ ಸರಿ. ನಮ್ಮ ಮಕ್ಕಳಿಗೆ ೬, ೯ ಗುರುತೇ ಸಿಗುವುದಿಲ್ಲ.

ಅಶ್ರಫ್: ಮಕ್ಕಳಿಗೆ ಶಾಲೆಯಲ್ಲಿ ಕಲಿಸಿ. ಅಜ್ಜಿಯ ಮೇಲೆ ಹೇರಬೇಡಿ.

ಗಣೇಶ: ಮದ್ದು ಅಳೆಯುವ ಸಿರಿಂಜ್ ಮೇಲೆ 1, 2, 3 ಅಂತಲೇ ಇರುವುದು. ಚೀಟಿಯಲ್ಲೂ ಅದೇ ಇದ್ದರೆ ಅಜ್ಜಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಆಮಂತ್ರಣಕ್ಕೆ, ಪುಸ್ತಕದ ಪುಟಕ್ಕೆ ಕನ್ನಡ ಅಂಕಿ ನಾನೇ ಹಾಕುತ್ತೇನೆ ಮಾಷ್ಟ್ರೇ. ಇಲ್ಲಿ ಹಾಕುವುದಿಲ್ಲ.

ಸದಾಶಿವ ಮಾಷ್ಟ್ರು: ನಿಮಗೆ ವ್ಯಾಪಾರ ಮುಖ್ಯ.

ಗಣೇಶ: ಈ ಚೀಟಿಯಲ್ಲಿ ವ್ಯಾಪಾರ ಎಲ್ಲಿದೆ?

ಹರೀಶ, ಮಂಜೇಶ್ವರ: ನುಡಿಯಲ್ಲಿ ಮಾಡಿದ ಫೈಲ್ ಬೇರೆ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ, ಪರಿಹಾರ?

ಗಣೇಶ: ಮೇಲೆ ಹೇಳಿದ್ದೇನೆ.

ಲತಾ, ಅಡೂರು: ಮದುವೆ ಕಾಗದಕ್ಕೆ ಚಂದದ ಫಾಂಟ್ ಯಾವುದು?

ಹರೀಶ: ಮೇಲೆ ಅಂದರೆ ಎಲ್ಲಿ? ಬರೀ ಜಗಳವೇ ಕಾಣುತ್ತಿದೆ.

ಗಣೇಶ: ಮೊದಲನೆಯ ಉತ್ತರ ಓದಿ. ಸುಜಾತಕ್ಕಾ, ಹಳೆಯ ಚೀಟಿಗಳನ್ನು ವಾಪಸ್ ತೆಗೆದುಕೊಂಡಿರಾ? ಅದನ್ನು ಹೇಳಿ.

ಸುಜಾತಾ: ಒಂದು ಮನೆಯದ್ದು ಬಾಕಿ ಇದೆ. ಈಗಲೇ ಫೋನ್ ಮಾಡುತ್ತೇನೆ.

ಗಣೇಶ: ಮಾಡಿ. ಹೊಸದು ಕೊಟ್ಟ ಮೇಲೆ ಹಳೆಯದನ್ನು ಅಲ್ಲೇ ಬಿಟ್ಟು ಬರಬೇಡಿ.