34ಕ್ಕೆ ಸ್ತನ ಕ್ಯಾನ್ಸರ್: ಗಂಟು ಮಾತ್ರ ತೆಗೆಸಲಾ, ಪೂರ್ತಿನಾ? ಊಟ ಹೇಗೆ?

ಡೊಂಬಿವಲಿಯವಳು
ಎಡಗಡೆ 2 ಸೆಂ.ಮೀ. ಗಂಟು. ಬಯಾಪ್ಸಿಯಲ್ಲಿ ಇಆರ್, ಪಿಆರ್ ಪಾಸಿಟಿವ್ (ಅಂದರೆ ಹೆಣ್ಣು ಹಾರ್ಮೋನಿನಿಂದ ಬೆಳೆಯೋ ಬಗೆ), ಹರ್‌2 ಅನ್ನೋ ಪ್ರೊಟೀನು ನೆಗೆಟಿವ್. ಗಂಟಷ್ಟೇ ತೆಗೆದು ರೇಡಿಯೇಷನ್ ಕೊಡಬಹುದು, ಇಲ್ಲ ಪೂರ್ತಿ ತೆಗೆಯಬಹುದು, ಯೋಚಿಸಿ ಹೇಳಿ ಅಂದರು ಡಾಕ್ಟರು. ಅಮ್ಮಂದು ಒಂದೇ ಮಾತು, "ಪೂರ್ತಿ ತೆಗೆಸು, ಪೀಡೆ ತೊಲಗಲಿ." ಕೀಮೋನೂ ಬೇಕಾಗಬಹುದಂತೆ. ನಮಗಿನ್ನೂ ಮಕ್ಕಳಾಗಿಲ್ಲ. ಅತ್ತೆ ಸಕ್ಕರೆ, ಹಾಲು, ಸೋಯಾ ಎಲ್ಲ ಬಂದ್ ಮಾಡಿ ಬೆಳಿಗ್ಗೆ ಹಾಗಲಕಾಯಿ ರಸ ಕುಡಿಸ್ತಿದ್ದಾರೆ. ಅನುಭವ ಇರೋರು ಹೇಳಿ.

ಮಾಟುಂಗಾ ಅಕ್ಕ
ತಂಗೀ, ನನಗೆ ಬಂದಾಗ 37. ಗಂಟಷ್ಟೇ ತೆಗೆಸಿದೆ. ನಮ್ಮಮ್ಮನೂ ಹೀಗೇ ಅಂದಿದ್ದರು. ಆದರೆ ಇಟಲಿ, ಅಮೆರಿಕದಲ್ಲಿ 20 ವರ್ಷ ಹೆಂಗಸರನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿ, ಬದುಕುಳಿಯುವ ವಿಷಯಕ್ಕೆ ಎರಡೂ ದಾರಿ ಸಮ ಅಂತ ಗೊತ್ತಾಯಿತು. ಉಳಿಸಿಕೊಂಡ ಸ್ತನದಲ್ಲಿ ಮತ್ತೆ ಬರೋ ಸಂಭವ ಎಳೆ ವಯಸ್ಸಿನವರಿಗೆ ಸ್ವಲ್ಪ ಜಾಸ್ತಿ, ಅದಕ್ಕೇ ರೇಡಿಯೇಷನ್ ತಪ್ಪಿಸೋ ಹಾಗಿಲ್ಲ.

ಆದರೆ ನಿರ್ಧಾರಕ್ಕೆ ಮುಂಚೆ ಬಿಆರ್‌ಸಿಎ ಜೀನ್ ಪರೀಕ್ಷೆ (ಕ್ಯಾನ್ಸರ್ ತರೋ ದೋಷ ಹುಟ್ಟಿನಿಂದಲೇ ಇದೆಯಾ ಅಂತ ನೋಡೋದು) ಕೇಳು. ಅದು ಪಾಸಿಟಿವ್ ಬಂದರೆ ಇನ್ನೊಂದು ಕಡೆಯ ಸ್ತನ, ಅಂಡಾಶಯ ಎರಡರ ಬಗ್ಗೆಯೂ ಯೋಚಿಸಬೇಕಾಗುತ್ತೆ, ಲೆಕ್ಕವೇ ಬೇರೆ.

ಯಾರೂ ಹೇಳದ ಮಾತೊಂದು: ಕಂಕುಳ ಗ್ರಂಥಿ ತೆಗೆದಮೇಲೆ ತೋಳು ಬಿಗಿದುಕೊಳ್ಳುತ್ತೆ. ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಮೇಲಿನ ಹಿಡಿಕೆಗೆ ಕೈ ಎತ್ತಿದರೆ ಕಂಕುಳಲ್ಲಿ ದಾರ ಎಳೆದ ಹಾಗೆ. ಫಿಸಿಯೋ ಹೇಳಿದ ಹಾಗೆ ದಿನಾ ಗೋಡೆಗೆ ಬೆರಳಿಟ್ಟು ಮೇಲಕ್ಕೆ ಹತ್ತಿಸು. ನಾನು ಅಡುಗೆಮನೆ ಟೈಲ್ಸ್ ಎಣಿಸ್ತಾ ಮಾಡ್ತಿದ್ದೆ, ಅನ್ನದ ಕುಕ್ಕರ್ ಕೂಗೋವರೆಗೆ. ಮೊದಮೊದಲು ಎಡಗೈ ಭುಜ ದಾಟುತ್ತಿರಲಿಲ್ಲ.

ಠಾಣೆ ಶೆಟ್ರು
ನನ್ನ ಹೆಂಡತಿಗೆ ಆದಾಗ ಮಗುವಿನ ಮಾತು ತಡವಾಗಿ ಎತ್ತಿದ್ದರು. ಕೀಮೋ ಅಂಡಾಶಯಕ್ಕೆ ಪೆಟ್ಟು ಕೊಡಬಹುದು. ಅಂಡಾಣು ಅಥವಾ ಭ್ರೂಣ ಫ್ರೀಜ್ ಮಾಡಿಸೋದಿದ್ದರೆ ಕೀಮೋಗೆ ಮುಂಚೆಯೇ. ಸುಮಾರು ಎರಡು ವಾರ ಸಾಕು. ಆಮೇಲೆ ಟಾಮಾಕ್ಸಿಫೆನ್ (ಹಾರ್ಮೋನ್ ತಡೆಯೋ ಮಾತ್ರೆ) 5 ವರ್ಷ, ಕೆಲವರಿಗೆ 10. ಅದು ನಡೆಯುವಾಗ ಗರ್ಭ ಕಟ್ಟಬಾರದು, ಗರ್ಭನಿರೋಧಕ ಗುಳಿಗೆಯೂ ಬೇಡ, ಕಾಪರ್‌ಟಿ ತರಹದ್ದು ಕೇಳಿ.

ಪುಣೆ ಡಯಟಿಷಿಯನ್
ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯಲ್ಲ. ತೂಕ ಏರದಂತೆ ಮಿತವಾಗಿರಲಿ, ಅಷ್ಟೇ. ಹಾಲು, ಮೊಸರು ತಿನ್ನಿ. ಟೋಫು, ಸೋಯಾಬೀನ್ ಅಡುಗೆಯ ಪ್ರಮಾಣದಲ್ಲಿ ತೊಂದರೆಯಿಲ್ಲ, ಸೋಯಾ ಮಾತ್ರೆ ಬೇಡ. ಸಾರಿನ ಅರಿಶಿನ ಸರಿ, ಅರಿಶಿನ ಕ್ಯಾಪ್ಸೂಲ್ ಡಾಕ್ಟರನ್ನು ಕೇಳದೆ ಬೇಡ.

ಕೀಮೋ ವೇಳೆ ನಿಜವಾಗಿ ಬೇಕಾದ್ದು ಪ್ರೊಟೀನು, ಕೆ.ಜಿ. ತೂಕಕ್ಕೆ ದಿನಕ್ಕೆ 1.2 ಗ್ರಾಂ ಆಸುಪಾಸು. ಹೆಸರುಬೇಳೆ ತೊವ್ವೆ, ಮೊಟ್ಟೆ, ಬಂಗಡೆ. ಬಾಯಿ ಹುಣ್ಣಾದರೆ ಕಾರ ಬಿಟ್ಟು ತಣ್ಣಗಿನ ರಾಗಿ ಗಂಜಿ. ಬಿಳಿ ರಕ್ತಕಣ ಇಳಿದಾಗ ಪಾನಿಪುರಿ, ಗಾಡಿ ಚಟ್ನಿ ಕಡೆ ನೋಡಬೇಡಿ. ಹಾಗಲ ರಸ ಅತ್ತೆಯವರೇ ಕುಡಿಯಲಿ!

ಡೊಂಬಿವಲಿಯವಳು
ಅಕ್ಕಾ, ಜೀನ್ ಪರೀಕ್ಷೆಗೆ ಮತ್ತೆ ಬಯಾಪ್ಸಿ ಮಾಡಬೇಕಾ?

ಮಾಟುಂಗಾ ಅಕ್ಕ
ಬೇಡ, ರಕ್ತ ಕೊಟ್ಟರೆ ಆಯ್ತು. ರಿಪೋರ್ಟ್ ಬರೋಕೆ ಕೆಲವು ವಾರ ಹಿಡಿಯುತ್ತೆ, ಈ ವಾರವೇ ಕೊಡು.