3ನೇ ಅಡ್ಡರಸ್ತೆ ರಾಡಿ: ಮಿಲ್ ಬೂದಿ ಸುರಿಸೋಕ್ಕಿಂತ ಮೊದ್ಲು

ಮನೆ 14: ಮಳಿಗಾಲ ಬರೋದ್ರೊಳಗ ರಾಡಿ ಆಗೋ 3ನೇ ಅಡ್ಡರಸ್ತೆ ಗಟ್ಟಿ ಮಾಡಿ ಮುಗಿಸಬೇಕ್ರಿ. 120 ಮೀ. ಉದ್ದ, 3.5 ಮೀ. ಅಗಲ. ಗಂಗಾವತಿ ಅಕ್ಕಿ ಮಿಲ್‌ನಾಗ ಭತ್ತದ ಹೊಟ್ಟಿನ ಬೂದಿ ಪುಕ್ಕಟೆ ಸಿಗ್ತದ, ಟ್ರ್ಯಾಕ್ಟರ್ ಬಾಡಿಗಿ ಅಷ್ಟ. ಭಾನುವಾರ ಸುರಿಸೋಣೇನು?

ಮನೆ 31: ಬರೇ ಬೂದಿ ಬ್ಯಾಡ್ರಿ ಅಣ್ಣಾರ. ಅದರಾಗಿನ ಸಿಲಿಕಾ ಸುಣ್ಣ ಸಿಕ್ರಷ್ಟ ಗಟ್ಟಿ ಆಗೋದು. ಇಲ್ಲಾಂದ್ರ ಎರಿಮಣ್ಣು ಮೊದಲ ಮಳಿಗೆ ಮತ್ತ ರಾಡಿ. ಮಣ್ಣಿನ ಒಣತೂಕಕ್ಕ ಸುಣ್ಣ 4%, ಬೂದಿ 10% ಇಟ್ಟು ಲ್ಯಾಬ್‌ಗೆ ಕೊಡೋಣ, ರಿಪೋರ್ಟ್ ನೋಡಿ ತಿದ್ದೋಣ. ಅರಳಿಸಿದ ಪುಡಿ ಸುಣ್ಣನ ಬೇಕು, ಹೊಲಕ್ಕ ಹಾಕೋ ಸುಣ್ಣದಕಲ್ಲಿನ ಪುಡಿ ನಡಿಯಂಗಿಲ್ಲ.

ಮನೆ 8: ಲೆಕ್ಕ ಹಿಂಗದ. 15 ಸೆಂ.ಮೀ. ದಪ್ಪಕ್ಕ 63 ಘನ ಮೀ., ಅಂದಾಜು 95 ಟನ್ ಮಣ್ಣು. ಸುಣ್ಣ 3.8 ಟನ್, 25 ಕೆಜಿ ಚೀಲ 152. ಬೂದಿ 9.5 ಟನ್. ರಸ್ತೆ ಉದ್ದಕ್ಕ ಪ್ರತಿ 80 ಸೆಂ.ಮೀ.ಗೆ ಗೆರಿ ಹೊಡೆದು ಒಂದೊಂದು ಸುಣ್ಣದ ಚೀಲ ಒಡೀರಿ. ಬೂದಿಗೆ ಟ್ರಾಲಿ ಲೆಕ್ಕ ಹಿಡೀಬ್ಯಾಡ್ರಿ. ನೀರು ಹೊಡೆದು ತಣ್ಣಗ ಮಾಡಿದ ಮಾಲು, ತೂಕದಾಗ ನೀರೂ ಇರ್ತದ.

ಮನೆ 31: ಕಡುಕಪ್ಪು ಬೂದಿ ಬಿಡ್ರಿ, ಅರೆಬೆಂದ ಇಂಗಾಲ ಅದು. ನೀರು ಕುಡೀತದ, ಸುಣ್ಣದ ಜೊತಿ ಕೂಡಂಗಿಲ್ಲ. ಬೂದು ಬಣ್ಣದ್ದು ಆರಿಸ್ರಿ.

ಮನೆ 22: ಸಲ್ಫೇಟ್ (ಮಣ್ಣಿನಾಗಿನ ಒಂದು ನಮೂನಿ ಉಪ್ಪು) ಟೆಸ್ಟ್ ಬಿಟ್ಟು ಮುಂದ ಹೋಗಬ್ಯಾಡ್ರಿ. ಕಾಲುವಿ ನೀರಿನ ಸೀಮಿ, ಸವಳು ಹೆಚ್ಚು. ಸಲ್ಫೇಟ್ ಸುಣ್ಣದ ಜೊತಿ ಸೇರಿದ್ರ ಎಟ್ರಿಂಗೈಟ್ ಹರಳು ಬೆಳೆದು ರಸ್ತಿನ ಉಬ್ಬತದ. ಮಣ್ಣಿನ ಉಬ್ಬೋ ಗುಣ ಮನ್ಯಾಗೂ ನೋಡಬಹುದು, ಮಿಲಿ ಗೆರಿ ಇರೋ ಎರಡು ಜಾಡಿ ಸಾಕು: ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂ ನೀರಿನ ಜಾಡಿಗೆ, 10 ಗ್ರಾಂ ಸೀಮಿಎಣ್ಣಿ ಜಾಡಿಗೆ. 24 ತಾಸಿಗೆ ಮಣ್ಣು ನೀರಿನಾಗ 18 ಮಿಲಿ, ಎಣ್ಣ್ಯಾಗ 10 ಮಿಲಿ ನಿಂತ್ರ ಉಬ್ಬು 80%. ಸುಣ್ಣ-ಬೂದಿ ಕಲಸಿದ್ದನ್ನೂ ಹಂಗ ಇಟ್ಟು ಉಬ್ಬು ಎಷ್ಟು ಇಳೀತು ನೋಡ್ರಿ.

ಮನೆ 14: ಕೆಲಸದ ಕ್ರಮ?

ಮನೆ 31: ಚರಂಡಿ ಮೊದ್ಲು. ಆಮ್ಯಾಲ ಕಲ್ಟಿವೇಟರ್, ರೋಟವೇಟರ್, ಸುಣ್ಣ, ನೀರು, ಒಂದು ರಾತ್ರಿ ಬಿಡೋದು. ಮರುದಿನ ಹೆಂಟಿ ಬೆರಳಿಗೆ ಪುಡಿ ಆಗಬೇಕು. ಅಂಟಿದ್ರ ಇನ್ನೂ ಒಂದು ದಿನ. ಆಗ ಬೂದಿ ಹಾಕಿ, ಬಣ್ಣ ಒಂದ ಆಗೋವರೆಗೂ ಕಲಸ್ರಿ. ಬೂದಿ ಬಿದ್ದ ಮಣ್ಣು ನೀರು ಜಾಸ್ತಿ ಕೇಳ್ತದ, ಒಣಾ ಉರುಳಿಸಿದ್ರ ಪದರ ಏಳ್ತದ. ಅವತ್ತೇ ರೋಲರ್, ಅಂಚಿನಿಂದ ನಡುವಿಗೆ. 7 ದಿನ ನೀರು, ಟ್ರ್ಯಾಕ್ಟರ್ ಬಂದ್. ಮ್ಯಾಲ 10 ಸೆಂ.ಮೀ. ಗರಸು ಹಾಕ್ಲೇಬೇಕು, ಈ ಪದರ ಗಾಲಿ ಸವೆತ ತಡಿಯಂಗಿಲ್ಲ.

ಮನೆ 22: ಗಾಳಿ ಇದ್ದ ದಿನ ಸುಣ್ಣ ಒಡಿಸಬ್ಯಾಡ್ರಿ. ಆಳುಗಳಿಗೆ ಕನ್ನಡಕ, ಮಾಸ್ಕ್, ಗಮ್‌ಬೂಟ್ ನಮ್ಮ ಖರ್ಚಿನಾಗ.

ಮನೆ 14: ಭಾನುವಾರದ ಟ್ರ್ಯಾಕ್ಟರ್ ಕ್ಯಾನ್ಸಲ್. ಮೂರು ಕಡಿ ಅರ್ಧ ಮೀಟರ್ ತೋಡಿಸಿ ಲ್ಯಾಬ್‌ಗೆ ಕೊಡಾಕ ಮಣ್ಣು ಚೀಲದಾಗ ಕಟ್ಟಿಸ್ತೀನಿ. ಸುಣ್ಣದ ರೇಟ್ ಯಾರು ಕೇಳ್ತೀರಿ?

ಮನೆ 8: ನಾ ಕೇಳ್ತೀನಿ. ರೋಲರ್ ಬಾಡಿಗಿನೂ.